ಹಳೆ ಏರ್ ಪಿಸ್ತೂಲ್: ಯಾರದು, ಯಾವ ಕಾಲದ್ದು? ಪದೇ ಪದೇ ಕೇಳುವ ಪ್ರಶ್ನೆಗಳು

ಅಟ್ಟದ ಮೇಲಿನ ಟ್ರಂಕಿನಲ್ಲೋ ಬೀರುವಿನ ತಳದಲ್ಲೋ ಹಳೆ ಏರ್ ಪಿಸ್ತೂಲ್ ಸಿಕ್ಕರೆ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. ಯಾವ ಕಂಪನಿಯದು? ಯಾವ ಇಸವಿಯದು? ಎರಡಕ್ಕೂ ಉತ್ತರ ಬಹುಮಟ್ಟಿಗೆ ಪಿಸ್ತೂಲಿನ ಮೈಮೇಲೇ ಇರುತ್ತದೆ. ಇಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ವೆಬ್ಲಿ ಮತ್ತು ಜರ್ಮನಿಯ ಡಯಾನಾ ಬಗ್ಗೆ ಜಾಸ್ತಿ ಹೇಳಿದ್ದೇನೆ. ಗುರುತು ಓದುವುದನ್ನು ಕಲಿಯಲು ಇವೆರಡಕ್ಕಿಂತ ಒಳ್ಳೆ ಪಾಠ ಬೇರೆ ಇಲ್ಲ.

ಪಿಸ್ತೂಲ್ ಕೈಗೆ ಬಂತು. ಮೊದಲು ಏನು ಮಾಡಬೇಕು?

ಗುರುತು ಆಮೇಲೆ. ಮೊದಲು ಒಳಗೆ ಪೆಲೆಟ್, ಅಂದರೆ ಏರ್‌ಗನ್ನಿನ ಪುಟ್ಟ ಗುಂಡು, ಇದೆಯೇ, ಹೊಡೆಯಲು ಸಿದ್ಧವಾಗಿ ಸ್ಪ್ರಿಂಗ್ ಎಳೆದಿಟ್ಟಿದ್ದಾರೆಯೇ ನೋಡಿ. ಎಷ್ಟೋ ವರ್ಷದ ಹಿಂದೆ ಯಾರೋ ಎಳೆದಿಟ್ಟು ಮರೆತಿರಬಹುದು. ಬ್ಯಾರೆಲ್ಲಿನ ಬಾಯಿಯನ್ನು ಯಾರೂ ಇಲ್ಲದ ಕಡೆ ತಿರುಗಿಸಿ, ಟ್ರಿಗರ್‌ನಿಂದ ಬೆರಳು ದೂರ ಇಟ್ಟು, ಬ್ಯಾರೆಲ್ಲನ್ನು ನಿಧಾನಕ್ಕೆ ತೆರೆಯಿರಿ. ಸ್ಪ್ರಿಂಗಿನ ಬಿಗಿ ಕೈಗೆ ಸಿಗದೆ ಸಲೀಸಾಗಿ ತೆರೆದುಕೊಂಡರೆ ಅದು ಆಗಲೇ ಎಳೆದಿಟ್ಟದ್ದು ಎಂದೇ ತಿಳಿಯಿರಿ. ಬ್ಯಾರೆಲ್ ತೆರೆದಿರುವಾಗ ಟ್ರಿಗರ್ ಮುಟ್ಟಲೇಬೇಡಿ. ಬ್ಯಾರೆಲ್ ರಪ್ಪನೆ ಮುಚ್ಚಿಕೊಂಡು ಬೆರಳು ಜಜ್ಜುತ್ತದೆ.

ಪೆಲೆಟ್ ಇಲ್ಲದೆ ಸುಮ್ನೆ ಹೊಡೆದು ನೋಡುವುದೂ ಬೇಡ. ಸ್ಪ್ರಿಂಗಿನ ಬಲದಿಂದ ಗಾಳಿ ಒತ್ತುವ ಪಿಸ್ಟನ್, ಎದುರಿಗೆ ಗಾಳಿಯ ತಡೆ ಇಲ್ಲದೆ ಹೋಗಿ ಸಿಲಿಂಡರ್ ತುದಿಗೆ ಬಡಿಯುತ್ತದೆ. ಒಣಗಿದ ಹಳೆ ಚರ್ಮದ ವಾಷರ್ ಅಷ್ಟಕ್ಕೇ ಪುಡಿಯಾಗಬಹುದು.

ಇಷ್ಟಾದ ಮೇಲೆ ಪೆನ್ನು ಕಾಗದ ತಗೊಳ್ಳಿ. ಪಿಸ್ತೂಲಿನ ಮೇಲಿರುವ ಪ್ರತಿ ಅಕ್ಷರ, ಅಂಕಿ, ಚಿತ್ರವನ್ನು ಎಲ್ಲಿದೆ ಎಂಬುದರ ಜೊತೆಗೆ ಬರೆದುಕೊಳ್ಳಿ. ಅರ್ಥವಾಗದ್ದನ್ನೂ ಬಿಡಬೇಡಿ.

ಸೀರಿಯಲ್ ನಂಬರ್ ಇದ್ದರೆ ಇಸವಿ ಗೊತ್ತಾಗಿಬಿಡುತ್ತದೆ ಅಲ್ವಾ?

ಬಹುತೇಕ ಇಲ್ಲ. ಎಲ್ಲರೂ ಎಡವುವುದು ಇಲ್ಲೇ. ಮದ್ದಿನ ಬಂದೂಕುಗಳಿಗೆ ಕಾನೂನಿನ ಕಣ್ಗಾವಲು ಜಾಸ್ತಿ, ಲೆಕ್ಕದ ಪುಸ್ತಕಗಳೂ ಜಾಸ್ತಿ. ಏರ್ ಪಿಸ್ತೂಲನ್ನು ಅನೇಕ ಕಡೆ ಆಟದ ಸಾಮಾನು, ಕ್ರೀಡಾ ಸಾಮಾನು ಎಂದೇ ಮಾರಿದರು. ಹಾಗಾಗಿ ಕೆಲವು ಕಂಪನಿ ನಂಬರೇ ಹಾಕಲಿಲ್ಲ. ಕೆಲವು ಮಾದರಿಗೊಂದು ಸರಣಿ ಶುರು ಮಾಡಿದವು. ಇನ್ನು ಕೆಲವು ನಂಬರ್ ಹಾಕಿದರೂ ಅದು ಒಂದೊಂದು ಪಿಸ್ತೂಲಿಗೆ ಕೊಟ್ಟ ನಂಬರ್ ಅಲ್ಲ.

ಇಸವಿ ಹಿಡಿಯುವ ದಾರಿ ಬೇರೆ. ಪ್ರತಿ ಗುರುತಿಗೂ ಎರಡು ಪ್ರಶ್ನೆ ಹಾಕಿ. ಇದು ಯಾವ ವರ್ಷಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ? ಯಾವ ವರ್ಷದಿಂದ ಈಚಿನದಾಗಿರಲು ಸಾಧ್ಯವಿಲ್ಲ? ಮಾದರಿ, ಹಿಡಿಯ ಆಕಾರ, ವಿಳಾಸ, ಪೇಟೆಂಟ್ ನಂಬರ್, ದೇಶದ ಹೆಸರು, ಹೀಗೆ ಒಂದೊಂದೂ ಎರಡು ಕಡೆಯಿಂದ ಬೇಲಿ ಹಾಕುತ್ತಾ ಬರುತ್ತದೆ. ನಡುವೆ ಉಳಿಯುವ ಜಾಗದಲ್ಲಿ ನಿಮ್ಮ ಪಿಸ್ತೂಲ್ ಇದೆ. ಸೀರಿಯಲ್ ನಂಬರ್ ಉಪಯೋಗಕ್ಕೆ ಬರುವುದು ಆಮೇಲೆ, ಅದೇ ಮಾದರಿಯ ಇತರ ಪಿಸ್ತೂಲುಗಳ ಜೊತೆ ಹೋಲಿಸಿ ನೋಡುವಾಗ.

ವೆಬ್ಲಿ ಎಂದು ಬರೆದಿದೆ. ಯಾವ ಮಾದರಿ ಎಂದು ಹೇಗೆ ತಿಳಿಯುವುದು?

ಹಳೆ ಏರ್ ಪಿಸ್ತೂಲಿನ ಮಾತಿನಲ್ಲಿ ವೆಬ್ಲಿ ಅಂಡ್ ಸ್ಕಾಟ್ ಹೆಸರು ಬರದೆ ಇರುವುದಿಲ್ಲ. ಡಗ್ಲಸ್ ಜಾನ್‌ಸ್ಟನ್ ಮತ್ತು ಜಾನ್ ಫಿಯರ್ನ್ ರೂಪಿಸಿದ ಮಾರ್ಕ್ 1 ಪಿಸ್ತೂಲು 1924ರಲ್ಲಿ ಮಾರುಕಟ್ಟೆಗೆ ಬಂತು. ಅದರ ವಿನ್ಯಾಸ ಎಷ್ಟು ಗಟ್ಟಿಯಾಗಿತ್ತೆಂದರೆ, ಮುಂದಿನ ಎಂಟು ದಶಕ ಕಂಪನಿ ಅದೇ ಮೂಲ ಯೋಚನೆಯ ಮೇಲೆ ಪಿಸ್ತೂಲ್ ಮಾಡಿತು. ಬ್ಯಾರೆಲ್ ಸಿಲಿಂಡರಿನ ಮೇಲೆ ಮಲಗಿರುತ್ತದೆ. ಅದರ ಹಿಂದಿನ ತುದಿಯನ್ನು ಬಿಡಿಸಿ, ಮೇಲೆತ್ತಿ ಮುಂದಕ್ಕೆ ತಿರುಗಿಸಿದರೆ ಸ್ಪ್ರಿಂಗ್ ಒತ್ತಿಕೊಳ್ಳುತ್ತದೆ. ಟ್ರಿಗರ್ ಎಳೆದಾಗ ಪಿಸ್ಟನ್ ಮುಂದಕ್ಕಲ್ಲ, ಹಿಂದಕ್ಕೆ, ಹೊಡೆಯುವವರ ಕಡೆಗೆ ಓಡುತ್ತದೆ. ಇಷ್ಟು ಗಿಡ್ಡ ಮೈಯಲ್ಲಿ ಇಷ್ಟು ಉದ್ದದ ಬ್ಯಾರೆಲ್ ಕೂರಿಸಿದ್ದು ಈ ಉಪಾಯದಿಂದಲೇ. ನನಗಂತೂ ಇದು ಆ ಕಾಲದ ಅತಿ ಜಾಣ ವಿನ್ಯಾಸಗಳಲ್ಲೊಂದು.

ಮಾದರಿಯ ಹೆಸರು ಸಾಮಾನ್ಯವಾಗಿ ಪಿಸ್ತೂಲಿನ ಪಕ್ಕದಲ್ಲೇ ಇರುತ್ತದೆ. ಜೂನಿಯರ್ ಬಂದದ್ದು 1929ರಲ್ಲಿ. ಅದು ಗಾತ್ರದಲ್ಲಿ ಚಿಕ್ಕದು. ಸೀನಿಯರ್ 1930ರಲ್ಲಿ ಬಂತು. ಅದರ ಬ್ಯಾರೆಲ್ಲನ್ನು ಹಿಂದೆ ಹಿಡಿದಿಡಲು ಬೆರಳಿನಿಂದ ಬಿಡಿಸುವ ಕೊಂಡಿ ಇರುತ್ತದೆ, ಕುದುರೆ ಸವಾರಿಯ ರಿಕಾಪಿನ ಆಕಾರದ್ದು. ಮಾರ್ಕ್ 1 ಮತ್ತು ಸೀನಿಯರ್ ಎರಡೂ 1964ರವರೆಗೆ ನಡೆದವು. ಆ ವರ್ಷ ಪ್ರೀಮಿಯರ್ ಬಂತು. 1970ರ ದಶಕದ ನಡುವಿನಿಂದ ಹರಿಕೇನ್, 1979ರಲ್ಲಿ ಟೆಂಪೆಸ್ಟ್. ಬರ್ಮಿಂಗ್‌ಹ್ಯಾಮ್‌ನಲ್ಲಿ ವೆಬ್ಲಿ ತಯಾರಿಕೆ 2005ರ ಕೊನೆಗೆ ನಿಂತಿತು.

ಮಾರ್ಕ್ 1 ಅಥವಾ ಸೀನಿಯರ್ ಸಿಕ್ಕಿದ್ದರೆ ಹೆಸರಿಗಿಂತ ಮೊದಲು ಹಿಡಿಯನ್ನು ನೋಡಿ. ಆರಂಭದವುಗಳ ಹಿಡಿ ಹೆಚ್ಚುಕಡಿಮೆ ನೆಟ್ಟಗೆ ಕೆಳಗಿಳಿಯುತ್ತದೆ. 1935ರಲ್ಲಿ ಅದನ್ನು ಹಿಂದಕ್ಕೆ ಓರೆ ಮಾಡಿದರು. ಕೈಯಲ್ಲಿ ಹಿಡಿದ ಕೂಡಲೇ ವ್ಯತ್ಯಾಸ ಗೊತ್ತಾಗುತ್ತದೆ. ನೆಟ್ಟಗಿನ ಹಿಡಿಯಲ್ಲಿ ಬಾಯಿ ಕೆಳಗೆ ಬಾಗುತ್ತದೆ, ಓರೆ ಹಿಡಿಯಲ್ಲಿ ತಾನಾಗಿ ಗುರಿಯ ಕಡೆ ನಿಲ್ಲುತ್ತದೆ. ಈ ಒಂದು ಬದಲಾವಣೆ ನಂಬರಿಗಿಂತ ಹೆಚ್ಚು ನಂಬಿಕೆಯ ಸಾಕ್ಷಿ, ಏಕೆಂದರೆ ಹಿಡಿಯ ಚೌಕಟ್ಟು ಮೈಯ ಭಾಗವೇ. ಅದನ್ನು ಕಳಚಿ ಬೇರೆ ಹಾಕಲಾಗದು.

ವೆಬ್ಲಿಯ ವಿಳಾಸದಿಂದ ಏನು ತಿಳಿಯುತ್ತದೆ?

ತುಂಬಾ. ಕಂಪನಿಯ ಹೆಸರು 'ವೆಬ್ಲಿ ಅಂಡ್ ಸ್ಕಾಟ್ ಲಿಮಿಟೆಡ್' ಎಂದು ಚಿಕ್ಕದಾದದ್ದು 1906ರಲ್ಲಿ. ಹಾಗಾಗಿ ಎಲ್ಲ ಸ್ಪ್ರಿಂಗ್ ಪಿಸ್ತೂಲುಗಳೂ ಈ ಹೆಸರಲ್ಲೇ ಬಂದವು. ಕಾರ್ಖಾನೆ 1958ರವರೆಗೆ ಬರ್ಮಿಂಗ್‌ಹ್ಯಾಮ್‌ನ ಬಂದೂಕು ಕೇರಿಯಲ್ಲಿ, ವೀಮನ್ ಸ್ಟ್ರೀಟ್‌ನಲ್ಲಿತ್ತು. ಅಲ್ಲಿನ ಅಂಚೆ ವಲಯ 4. ಆಮೇಲೆ ಹ್ಯಾಂಡ್ಸ್‌ವರ್ತ್‌ನ ಪಾರ್ಕ್ ಲೇನ್‌ಗೆ ಹೋಯಿತು, ವಲಯ 21. 1980ರ ದಶಕದಲ್ಲಿ ರೂಬರಿ ಹತ್ತಿರದ ಫ್ರಾಂಕ್ಲಿಗೆ. ಹಾಗಾಗಿ ಪಿಸ್ತೂಲ್, ಪೆಟ್ಟಿಗೆ ಅಥವಾ ಒಳಗಿನ ಚೀಟಿಯ ಮೇಲೆ 'ಬರ್ಮಿಂಗ್‌ಹ್ಯಾಮ್ 4' ಎಂದಿದ್ದರೆ ವೀಮನ್ ಸ್ಟ್ರೀಟ್ ಕಾಲ. '21' ಎಂದಿದ್ದರೆ ಹ್ಯಾಂಡ್ಸ್‌ವರ್ತ್ ಕಾಲ.

ಒಂದು ಎಚ್ಚರಿಕೆ. ಮುದ್ರಿಸಿಟ್ಟ ಪೆಟ್ಟಿಗೆ, ಚೀಟಿಗಳನ್ನು ಯಾವ ಕಾರ್ಖಾನೆಯೂ ಸ್ಥಳಾಂತರದ ದಿನ ಎಸೆಯುವುದಿಲ್ಲ. ಖಾಲಿಯಾಗುವವರೆಗೆ ಬಳಸುತ್ತದೆ. ಹಾಗಾಗಿ ವಿಳಾಸ ಕೊಡುವ ಗಡಿಗೆ ಒಂದೆರಡು ವರ್ಷದ ಸಡಿಲ ಕೊಡಿ.

ಉದಾಹರಣೆಗೆ ಒಂದು ಸೀನಿಯರ್ ಇದೆ, ಓರೆ ಹಿಡಿ, 'ಬರ್ಮಿಂಗ್‌ಹ್ಯಾಮ್ 4' ಎಂದಿದೆ ಅಂದುಕೊಳ್ಳಿ. ಹಿಡಿಯಿಂದ 1935ಕ್ಕಿಂತ ಹಿಂದಿನದಲ್ಲ. ವಿಳಾಸದಿಂದ 1958ರ ಆಸುಪಾಸಿನಿಂದ ಈಚಿನದಲ್ಲ. ನಡುವೆ ಎರಡನೇ ಮಹಾಯುದ್ಧ ಬಂತು, ಕಾರ್ಖಾನೆ ಸೇನೆಯ ಕೆಲಸಕ್ಕೆ ತಿರುಗಿತು. ಆದ್ದರಿಂದ ಯುದ್ಧಕ್ಕೆ ಮುಂಚಿನ ನಾಲ್ಕೈದು ವರ್ಷ ಅಥವಾ ಯುದ್ಧದ ನಂತರದ ಹತ್ತು ಹನ್ನೆರಡು ವರ್ಷ, ಎರಡೇ ಸಾಧ್ಯತೆ ಉಳಿದವು. ನಂಬರನ್ನು ಇನ್ನೂ ಮುಟ್ಟೇ ಇಲ್ಲ ನೋಡಿ.

ನನ್ನ ವೆಬ್ಲಿಯ ನಂಬರೇ ಇನ್ನೊಬ್ಬರ ವೆಬ್ಲಿಯಲ್ಲೂ ಇದೆ. ಒಂದು ನಕಲಿಯೇ?

ಅಲ್ಲ. ಯುದ್ಧದ ನಂತರದ ವೆಬ್ಲಿ ಏರ್ ಪಿಸ್ತೂಲುಗಳಲ್ಲಿ ಕಾಣುವ ಅಂಕಿ ಬ್ಯಾಚ್ ನಂಬರ್. ಒಂದು ತಂಡದಲ್ಲಿ ತಯಾರಾದ ಎಷ್ಟೋ ಪಿಸ್ತೂಲುಗಳಿಗೆ ಅದೇ ಅಂಕಿ. ಯುದ್ಧಕ್ಕೆ ಮುಂಚಿನವುಗಳಲ್ಲಿ ಒಂದೊಂದಕ್ಕೂ ಪ್ರತ್ಯೇಕ ನಂಬರ್ ಇತ್ತು. ಹಾಗಾಗಿ ಸಣ್ಣ ಅಂಕಿ ಕಂಡ ಕೂಡಲೇ 'ಮೊದಮೊದಲು ಮಾಡಿದ್ದು, ಅಪರೂಪದ್ದು' ಎಂದು ಹೇಳಿ ಮಾರುವವರ ಮಾತಿಗೆ ದುಡ್ಡು ಕೊಡಬೇಡಿ. ಹಿಡಿಯೂ ವಿಳಾಸವೂ ಯುದ್ಧಾನಂತರ ಎನ್ನುತ್ತಿದ್ದರೆ ಆ ಸಣ್ಣ ಅಂಕಿಯಿಂದ ವಯಸ್ಸು ಹೆಚ್ಚುವುದಿಲ್ಲ.

ಬ್ಯಾರೆಲ್ ಮೇಲೆ 177 ಅಥವಾ 22 ಎಂದಿದೆ. ಅದು ಮಾದರಿ ಸಂಖ್ಯೆಯೇ?

ಅದು ಬ್ಯಾರೆಲ್ಲಿನ ಒಳ ಅಳತೆ. .177 ಇಂಚು ಅಂದರೆ 4.5 ಮಿ.ಮೀ., .22 ಅಂದರೆ ಸುಮಾರು 5.5 ಮಿ.ಮೀ. ವೆಬ್ಲಿಯ ಇನ್ನೊಂದು ವಿಶೇಷ ಇಲ್ಲಿದೆ. ಬ್ಯಾರೆಲ್ಲನ್ನು ಸುಲಭವಾಗಿ ಬಿಚ್ಚಿ ಬೇರೆ ಅಳತೆಯದನ್ನು ಹಾಕಬಹುದಿತ್ತು. ಬಿಡಿ ಬ್ಯಾರೆಲ್ ಬೇರೆ ಮಾರುತ್ತಿದ್ದರು. 1930ರ ದಶಕದ ಮೈಗೆ 1950ರ ದಶಕದ ಬ್ಯಾರೆಲ್ ಕೂತಿರಬಹುದು. ಬ್ಯಾರೆಲ್ ನೋಡಿ ಪಿಸ್ತೂಲಿನ ಕಾಲ ಹೇಳಬೇಡಿ, ಮೈ ನೋಡಿ ಹೇಳಿ. ಎರಡರ ಬಣ್ಣದ ಸವೆತ ಒಂದೇ ಥರ ಇದೆಯೇ ಎಂದು ಹೋಲಿಸಿದರೆ ಜೋಡಿ ಹಳೆಯದೋ ಹೊಸದೋ ಗೊತ್ತಾಗುತ್ತದೆ.

ಪೇಟೆಂಟ್ ನಂಬರಿನಿಂದ ಇಸವಿ ಸಿಗುತ್ತದೆಯೇ?

ಒಂದು ಕಡೆಯ ಗಡಿ ಮಾತ್ರ ಸಿಗುತ್ತದೆ. ಬ್ರಿಟನ್‌ನಲ್ಲಿ 1916ಕ್ಕೆ ಮುಂಚೆ ಪೇಟೆಂಟ್ ಎಣಿಕೆ ಪ್ರತಿ ವರ್ಷ 1ರಿಂದ ಶುರುವಾಗುತ್ತಿತ್ತು. ಹಾಗಾಗಿ ಆ ಕಾಲದ ನಂಬರಿನ ಜೊತೆ ವರ್ಷವೂ ಇಲ್ಲದಿದ್ದರೆ ಪ್ರಯೋಜನ ಇಲ್ಲ. 1916ರಲ್ಲಿ 1,00,001ರಿಂದ ಒಂದೇ ಸರಣಿ ಆರಂಭಿಸಿದರು. ಆರಂಕಿಯ ಬ್ರಿಟಿಷ್ ಪೇಟೆಂಟ್ ನಂಬರ್ ಇದ್ದರೆ 1916ರ ಮೇಲಿನದು ಎಂದಾಯಿತು. ವೆಬ್ಲಿಗಳಲ್ಲಿ ಕಾಣುವ 2 ಲಕ್ಷ ಚಿಲ್ಲರೆಯ ಸಂಖ್ಯೆಗಳು 1920ರ ದಶಕದ ನಡುವಿನವು.

ಆದರೆ ಅದು ಪೇಟೆಂಟಿನ ವಯಸ್ಸು, ಪಿಸ್ತೂಲಿನದಲ್ಲ. ಅದೇ ಪೇಟೆಂಟ್ ನಂಬರನ್ನು ಎಷ್ಟೋ ವರ್ಷ ಒತ್ತುತ್ತಲೇ ಇದ್ದರು.

ಜರ್ಮನ್ ಪಿಸ್ತೂಲಿನ ಮೇಲೆ ಡಿ.ಆರ್.ಪಿ., ಡಿ.ಆರ್.ಜಿ.ಎಂ. ಎಂದೆಲ್ಲ ಇದೆ. ಏನದು?

ಇವು ಕಾಲವನ್ನು ಚೆನ್ನಾಗಿ ಹೇಳುವ ಗುರುತುಗಳು. ಡಿ.ಆರ್.ಪಿ. ಅಂದರೆ ಜರ್ಮನ್ ಸಾಮ್ರಾಜ್ಯ ಕಾಲದಲ್ಲಿ, 1877ರಲ್ಲಿ, ಶುರುವಾದ ಪೇಟೆಂಟ್. ಡಿ.ಆರ್.ಜಿ.ಎಂ. ಅಂದರೆ 1891ರಿಂದ ಕೊಡುತ್ತಿದ್ದ, ಪೇಟೆಂಟಿಗಿಂತ ಚಿಕ್ಕ ಮಟ್ಟದ ನೋಂದಣಿ. ಎರಡೂ 1945ಕ್ಕೆ ಮುಗಿದವು. ಯುದ್ಧದ ನಂತರ ಪಶ್ಚಿಮ ಜರ್ಮನಿಯಲ್ಲಿ 'ಆರ್' ಹೋಗಿ 'ಬಿ' ಬಂತು, ಡಿ.ಬಿ.ಪಿ. ಮತ್ತು ಡಿ.ಬಿ.ಜಿ.ಎಂ. ಹೀಗೆ ಒಂದೇ ಅಕ್ಷರ ಯುದ್ಧದ ಹಿಂದೆಯೋ ಮುಂದೆಯೋ ಎಂದು ಹೇಳಿಬಿಡುತ್ತದೆ.

'ಮೇಡ್ ಇನ್ ಡಬ್ಲ್ಯೂ. ಜರ್ಮನಿ' ಎಂದಿದ್ದರೆ 1949ರಿಂದ 1990ರ ನಡುವೆ. ಊರಿನ ಹೆಸರೂ ಮಾತಾಡುತ್ತದೆ. ತುರಿಂಗಿಯಾದ ಜೆಲ್ಲಾ ಸಾಂಕ್ಟ್ ಬ್ಲಾಸಿ ಮತ್ತು ಮೆಹ್ಲಿಸ್ ಎಂಬ ಎರಡು ಊರು 1919ರಲ್ಲಿ ಒಂದಾಗಿ ಜೆಲ್ಲಾ-ಮೆಹ್ಲಿಸ್ ಆದವು. ಬಂದೂಕು ತಯಾರಕರ ಊರು ಅದು. ಬರೀ ಹಳೆ ಹೆಸರಿದ್ದರೆ 1919ಕ್ಕೆ ಮುಂಚೆ, ಜೋಡಿ ಹೆಸರಿದ್ದರೆ ಆಮೇಲೆ. ವಾಲ್ಟರ್ ಕಂಪನಿಯೂ ಆ ಊರಿನದೇ. ಯುದ್ಧದ ನಂತರ ಅದು ಪಶ್ಚಿಮಕ್ಕೆ ಬಂದು ಡಾನ್ಯೂಬ್ ದಡದ ಉಲ್ಮ್‌ನಲ್ಲಿ ನೆಲೆಸಿತು. ವಾಲ್ಟರ್ ಎಲ್‌ಪಿ 53 ಮೇಲೆ ಉಲ್ಮ್ ಹೆಸರಿರುವುದು ಅದಕ್ಕೇ.

ಐದು ಮೂಲೆಯ ಚೌಕಟ್ಟಿನೊಳಗೆ 'ಎಫ್' ಅಕ್ಷರ ಇದೆ. ಅದು ಕಂಪನಿಯ ಲಾಂಛನವೇ?

ಅಲ್ಲ, ಜರ್ಮನ್ ಕಾನೂನಿನ ಗುರುತು. ಹೊಡೆತದ ಶಕ್ತಿ 7.5 ಜೂಲ್ (ಶಕ್ತಿಯ ಅಳತೆ) ಮೀರದ ಏರ್‌ಗನ್ ಎಂದು ಅದು ಹೇಳುತ್ತದೆ. 1970ರ ಜನವರಿ 1ಕ್ಕೆ ಮುಂಚೆ ಪಶ್ಚಿಮ ಜರ್ಮನಿಯಲ್ಲಿ ಮಾರಾಟವಾದವುಗಳಿಗೆ ಇದು ಬೇಕಿರಲಿಲ್ಲ. ಆದ್ದರಿಂದ ಕಾರ್ಖಾನೆಯಲ್ಲೇ ಒತ್ತಿದ 'ಎಫ್' ಇದ್ದರೆ 1970ರ ಆಸುಪಾಸು ಅಥವಾ ಈಚೆ.

ತಿರುಗಿಸಿ ಹೇಳಲು ಹೋಗಬೇಡಿ. 'ಎಫ್' ಇಲ್ಲ ಎಂದ ಮಾತ್ರಕ್ಕೆ 1970ಕ್ಕೆ ಮುಂಚಿನದು ಎಂದಲ್ಲ, ಹೊರದೇಶಕ್ಕೆ ಕಳಿಸಿದವುಗಳಲ್ಲಿ ಅದು ಇಲ್ಲದಿರಬಹುದು. ಓಬರ್ನ್‌ಡಾರ್ಫ್‌ನ ಫೈನ್‌ವೆರ್ಕ್‌ಬೌ 65 ಕೊಳ್ಳುವಾಗ ಈ ಮಾತು ಬೇಕೇ ಬೇಕು. ಅದು 1965ರಲ್ಲಿ ಬಂದು ದಶಕಗಳ ಕಾಲ ಸ್ಪರ್ಧೆಗಳನ್ನು ಆಳಿದ ಪಿಸ್ತೂಲು. 'ಎಫ್ ಇಲ್ಲ, ಹಾಗಾಗಿ ಮೊದಲ ಐದು ವರ್ಷದ್ದು' ಎಂದು ಬೆಲೆ ಏರಿಸುವವರು ಇದ್ದಾರೆ.

ಡಯಾನಾ ಎಂದಿದೆ. ಜರ್ಮನಿಯದ್ದೇ ತಾನೆ?

ಖಂಡಿತ ಹೇಳಲಾಗದು. ಇದರ ಕಥೆ ಸ್ವಲ್ಪ ಉದ್ದ, ಆದರೆ ತಿಳಿದಿರಲೇಬೇಕು.

ರಾಸ್ಟಾಟ್ ಊರಿನ ಮೇಯರ್ ಉಂಡ್ ಗ್ರಾಮೆಲ್ಸ್‌ಪಾಕರ್ ಕಂಪನಿ 1890ರಲ್ಲಿ ಹುಟ್ಟಿದ್ದು. ಬೇಟೆಯ ದೇವತೆ ಡಯಾನಾ ಬಿಲ್ಲನ್ನು ಕೆಳಗೆ ಹಾಕಿ, ಏರ್‌ಗನ್ನನ್ನು ತಲೆಯ ಮೇಲೆ ಎತ್ತಿ ಹಿಡಿದ ಚಿತ್ರ ಅದರ ಲಾಂಛನ. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಸೋತ ಮೇಲೆ ಯುದ್ಧ ಪರಿಹಾರದ ಲೆಕ್ಕದಲ್ಲಿ ಕಾರ್ಖಾನೆಯ ಯಂತ್ರಗಳೂ ಡಯಾನಾ ಎಂಬ ಹೆಸರೂ ಬ್ರಿಟನ್ನಿಗೆ ಹೋದವು. ಸ್ಕಾಟ್ಲೆಂಡಿನ ಮದರ್‌ವೆಲ್‌ನಲ್ಲಿ ಮಿಲ್ಲರ್ಡ್ ಬ್ರದರ್ಸ್, ಅಂದರೆ ಮಿಲ್ಬ್ರೋ, ಅದೇ ಹೆಸರಲ್ಲಿ 1949ರಿಂದ ಏರ್‌ಗನ್ ಮಾಡತೊಡಗಿತು. ರಾಸ್ಟಾಟ್‌ನಲ್ಲಿ 1950ರಲ್ಲಿ ಕೆಲಸ ಮತ್ತೆ ಶುರುವಾಯಿತು, ಆದರೆ ಬ್ರಿಟನ್ನಿನಲ್ಲಿ ತಮ್ಮ ಹೆಸರನ್ನೇ ತಾವು ಬಳಸುವಂತಿರಲಿಲ್ಲ. ಅಲ್ಲಿ 'ಒರಿಜಿನಲ್' ಎಂಬ ಹೆಸರಲ್ಲಿ ಮಾರಿದರು. ಮಿಲ್ಬ್ರೋ ಮುಚ್ಚಿದ ಮೇಲೆ, 1984ರಲ್ಲಿ, ಹೆಸರು ಮನೆಗೆ ಮರಳಿತು.

ಹಾಗಾಗಿ ಡಯಾನಾ ಎಂಬ ಹೆಸರಿನ ಜೊತೆ ಬ್ರಿಟನ್ ಎಂದಿದ್ದರೆ ಅದು 1949ರ ಈಚಿನ ಮಿಲ್ಬ್ರೋ. 'ಒರಿಜಿನಲ್' ಎಂದು ಜರ್ಮನಿ ಹೆಸರಿದ್ದರೆ ರಾಸ್ಟಾಟ್‌ನದು. ಕೆಲಸದ ನಯದಲ್ಲಿ ನನ್ನ ಮತ ರಾಸ್ಟಾಟ್‌ಗೇ. ಆದರೆ ಮಿಲ್ಬ್ರೋ ಅಗ್ಗ ಎಂದು ಎಸೆಯುವಂಥದ್ದಲ್ಲ.

ರಾಸ್ಟಾಟ್‌ನವರು ನಮಗೆ ಒಂದು ಉಪಕಾರ ಮಾಡಿದ್ದಾರೆ. ಯುದ್ಧಾನಂತರದ ಅವರ ಏರ್‌ಗನ್‌ಗಳಲ್ಲಿ ತಯಾರಾದ ತಿಂಗಳು, ವರ್ಷ ಎರಡನ್ನೂ ಒತ್ತುತ್ತಿದ್ದರು. ಸಿಲಿಂಡರಿನ ಹಿಂಭಾಗದಲ್ಲಿ, ಸಾಮಾನ್ಯವಾಗಿ ಎಡಗಡೆ, ಕಣ್ಣಿಗೆ ಬೀಳದಷ್ಟು ಚಿಕ್ಕದಾಗಿ ನಾಲ್ಕು ಅಂಕಿ ಹುಡುಕಿ. '08 72' ಎಂದಿದ್ದರೆ 1972ರ ಆಗಸ್ಟ್. ಇದನ್ನು ಸೀರಿಯಲ್ ನಂಬರ್ ಎಂದುಕೊಂಡು 'ನನ್ನದು 872ನೇ ಪಿಸ್ತೂಲ್' ಎನ್ನುವವರು ಬಹಳ.

ಗೆಕಾಡೋ, ವಿಂಚೆಸ್ಟರ್, ಹೈ-ಸ್ಕೋರ್ ಎಂದಿದೆ. ಆಕಾರ ಮಾತ್ರ ಡಯಾನಾ ಥರ. ನಕಲೇ?

ನಕಲಲ್ಲ, ಅದೇ ಕಾರ್ಖಾನೆಯದು. ಮಾರುವವರು ತಮ್ಮ ಹೆಸರು ಒತ್ತಿಸಿಕೊಳ್ಳುತ್ತಿದ್ದರು. ಅಮೆರಿಕದ ವಿಂಚೆಸ್ಟರ್ 1969ರಿಂದ 1975ರವರೆಗೆ ರಾಸ್ಟಾಟ್‌ನಿಂದ ತರಿಸಿತು. ವಿಂಚೆಸ್ಟರ್ 353 ಅಂದರೆ ಡಯಾನಾ 5, 363 ಅಂದರೆ ಡಯಾನಾ 6. ಡಯಾನಾ 6ರ ಒಳಗೆ ಎರಡು ಪಿಸ್ಟನ್ ಎದುರುಬದುರು ದಿಕ್ಕಿಗೆ ಓಡಿ ಹಿಂದೊದೆತವನ್ನು ಇಲ್ಲವಾಗಿಸುತ್ತವೆ. ಕುರ್ಟ್ ಗಿಸ್ ಮಾಡಿದ ಏರ್ಪಾಡು ಅದು. ಹೊರಗಿನಿಂದ ಗುರುತು ಹಿಡಿಯಲು ಸಿಲಿಂಡರಿನ ಪಕ್ಕದಲ್ಲಿ ನಾಣ್ಯದಂಥ ದುಂಡು ಮುಚ್ಚಳ ನೋಡಿ. ಹೆಸರು ಏನೇ ಇರಲಿ, ಆ ಮುಚ್ಚಳ ಇದ್ದರೆ ಒಳಗೆ ಗಿಸ್.

ಸೀರಿಯಲ್ ನಂಬರ್ ಹಾಗಾದರೆ ಯಾವುದಕ್ಕೂ ಬೇಡವೇ?

ಬೇಕು. ಒಂದು ನಿರ್ದಿಷ್ಟ ಪಿಸ್ತೂಲನ್ನು ಒಂದು ಘಟನೆಗೋ ಒಬ್ಬ ಮನುಷ್ಯನಿಗೋ ಕಟ್ಟಿಹಾಕುವುದು ಅದೇ. ಜೇಮ್ಸ್ ಬಾಂಡ್ ಪ್ರಚಾರ ಚಿತ್ರಗಳಲ್ಲಿ ಶಾನ್ ಕಾನರಿ ಎದೆಗೆ ಒರಗಿಸಿ ಹಿಡಿದ ಉದ್ದ ಬ್ಯಾರೆಲ್ಲಿನ ಪಿಸ್ತೂಲು ನೆನಪಿದೆಯಾ? ಅದು ವಾಲ್ಟರ್ ಎಲ್‌ಪಿ 53 ಏರ್ ಪಿಸ್ತೂಲ್. ಫೋಟೋ ತೆಗೆಯುವ ದಿನ ಬಾಂಡ್‌ನ ಮಾಮೂಲಿ ಪಿಸ್ತೂಲ್ ಬಂದಿರಲಿಲ್ಲ. ಛಾಯಾಗ್ರಾಹಕ ಡೇವಿಡ್ ಹರ್ನ್ ತಮ್ಮದನ್ನು ಕೊಟ್ಟರು. 2010ರಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ ಅದು 2,77,250 ಪೌಂಡ್‌ಗೆ ಹೋಯಿತು. ಅದೇ ಮಾದರಿಯ ಬೇರೆ ಪಿಸ್ತೂಲಿಗೆ ಅದರ ಒಂದು ಚೂರೂ ಬರುವುದಿಲ್ಲ. ಇಂಥ ಕಡೆ ನಂಬರೂ ಕಾಗದಪತ್ರವೂ ತಾಳೆಯಾಗಬೇಕು.

ಅಮೆರಿಕದ ಏರ್ ಪಿಸ್ತೂಲುಗಳ ಕಾಲ ತಿಳಿಯುವುದು ಹೇಗೆ?

ವಿಳಾಸ ಓದಿ. ಡೈಸಿ ಕಂಪನಿ 1958ರಲ್ಲಿ ಮಿಶಿಗನ್‌ನ ಪ್ಲಿಮತ್‌ನಿಂದ ಅರ್ಕನ್ಸಾದ ರಾಜರ್ಸ್‌ಗೆ ಹೋಯಿತು. ಬೆಂಜಮಿನ್ ಕಂಪನಿ 1980ರ ದಶಕದವರೆಗೆ ಸೇಂಟ್ ಲೂಯಿಸ್‌ನಲ್ಲಿತ್ತು. ವಿಳಾಸದಲ್ಲಿ ಐದಂಕಿಯ ಜಿಪ್ ಕೋಡ್ (ನಮ್ಮ ಪಿನ್ ಕೋಡ್ ಥರ) ಇದ್ದರೆ 1963ರ ಈಚೆ, ಏಕೆಂದರೆ ಜಿಪ್ ಕೋಡ್ ಶುರುವಾದದ್ದೇ ಆಗ.

ತುಕ್ಕು ಹಿಡಿದು ಅಕ್ಷರ ಕಾಣುತ್ತಿಲ್ಲ. ಉಜ್ಜಿ ತೆಗೆಯಲೇ?

ದಯವಿಟ್ಟು ಬೇಡ. ಮರಳು ಕಾಗದ, ವೈರ್ ಬ್ರಷ್, ಬಫಿಂಗ್ ಯಂತ್ರ ಯಾವುದೂ ಬೇಡ. ಒತ್ತಿದ ಅಕ್ಷರದ ಆಳ ಕೂದಲೆಳೆಯಷ್ಟು. ತುಕ್ಕಿನ ಜೊತೆ ಅದೂ ಹೋಗುತ್ತದೆ, ಹೋದರೆ ಮತ್ತೆ ಬರದು.

ತೆಳು ಎಣ್ಣೆ ಹಚ್ಚಿ ಒಂದು ರಾತ್ರಿ ಬಿಡಿ. ಮೆತ್ತನೆ ಹತ್ತಿ ಬಟ್ಟೆಯಲ್ಲಿ ಒರೆಸಿ. ಹಠ ಹಿಡಿದ ಕೊಳೆಗೆ ಹಳೆ ಟೂತ್ ಬ್ರಷ್ ಸಾಕು. ಆಮೇಲೆ ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ನೇರವಾಗಿ ಹಾಯಿಸದೆ ಲೋಹಕ್ಕೆ ತಾಗುವಷ್ಟು ಕೆಳಗೆ, ಪಕ್ಕದಿಂದ ಹಿಡಿಯಿರಿ. ಪ್ರತಿ ಗೀರಿಗೂ ನೆರಳು ಬಿದ್ದು ಅಕ್ಷರ ಎದ್ದು ನಿಲ್ಲುತ್ತದೆ. ಟಾರ್ಚನ್ನು ಸುತ್ತ ಸರಿಸುತ್ತಾ ನಾಲ್ಕೈದು ಫೋಟೋ ತೆಗೆಯಿರಿ. ಒಂದರಲ್ಲಿ 3 ಕಂಡದ್ದು ಇನ್ನೊಂದರಲ್ಲಿ 8 ಎಂದು ತಿಳಿಯಬಹುದು. ತೆಳು ಕಾಗದ ಇಟ್ಟು ಪೆನ್ಸಿಲಿನಿಂದ ಮೆಲ್ಲಗೆ ಉಜ್ಜಿದರೂ ಅಚ್ಚು ಮೂಡುತ್ತದೆ.

ಮಾಸಿದ ನಂಬರನ್ನು ಯಾರಿಂದಲೋ ಹೊಸದಾಗಿ ಕೊರೆಸುವುದಂತೂ ಬೇಡವೇ ಬೇಡ. 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಸೆಕ್ಷನ್ ಆಯುಧದ ಮೇಲಿನ ಹೆಸರು, ನಂಬರ್, ಗುರುತುಗಳನ್ನು ಅಳಿಸುವುದನ್ನೂ ತಿದ್ದುವುದನ್ನೂ ನಿಷೇಧಿಸುತ್ತದೆ.

ಹಿಡಿಯ ಪಟ್ಟಿ, ತಿರುಪು, ಪೆಟ್ಟಿಗೆ ನೋಡಿ ಕಾಲ ಹೇಳಬಹುದೇ?

ಜೊತೆ ಸಾಕ್ಷಿಯಾಗಿ ಹೌದು. ಒಂಟಿಯಾಗಿ ಬೇಡ. ಎರಡು ತಿರುಪು ಬಿಚ್ಚಿದರೆ ಪಟ್ಟಿ ಬದಲಾಗುತ್ತದೆ, ಪೆಟ್ಟಿಗೆಯಂತೂ ಯಾರದ್ದು ಯಾರಿಗೋ ಸೇರಿರುತ್ತದೆ. ತಿರುಪಿನ ತಲೆಯ ಗೀಟು ಕಿತ್ತುಹೋಗಿದ್ದರೆ ಯಾರೋ ಬಿಚ್ಚಿದ್ದಾರೆ ಎಂದರ್ಥ. ಒಳಗಿನ ಸ್ಪ್ರಿಂಗ್, ವಾಷರ್ ಬದಲಾಗಿರಬಹುದು.

ಮನೆಯಲ್ಲಿ .22 ವೆಬ್ಲಿ ಸಿಕ್ಕಿದೆ. ಇಟ್ಟುಕೊಳ್ಳಲು ಲೈಸೆನ್ಸ್ ಬೇಕೇ?

ಭಾರತದಲ್ಲಿ ಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್ ವಿನಾಯಿತಿ ಇರುವುದು ಒಳ ಅಳತೆ .177 ಇಂಚು ಮೀರದ, ಶಕ್ತಿ 20 ಜೂಲ್ ಮೀರದ ಏರ್‌ಗನ್‌ಗಳಿಗೆ. ಹಳೆ ಸ್ಪ್ರಿಂಗ್ ಪಿಸ್ತೂಲುಗಳ ಶಕ್ತಿ 20 ಜೂಲ್ ಹತ್ತಿರವೂ ಬರುವುದಿಲ್ಲ. ತೊಡಕಾಗುವುದು ಅಳತೆಯಲ್ಲಿ. .22 ಬ್ಯಾರೆಲ್ ಇದ್ದರೆ ಶಕ್ತಿ ಎಷ್ಟೇ ಕಡಿಮೆ ಇದ್ದರೂ ವಿನಾಯಿತಿ ಇಲ್ಲ.

ವೆಬ್ಲಿಗೆ ಎರಡು ಬ್ಯಾರೆಲ್ ಇರುವುದುಂಟು ಎಂದೆನಲ್ಲ, ಟ್ರಂಕಿನ ಮೂಲೆಯಲ್ಲಿ ಬಿಡಿಯಾಗಿ .22 ಬ್ಯಾರೆಲ್ ಬಿದ್ದಿದೆಯೇ ನೋಡಿ. ಇದ್ದರೆ ಅದನ್ನೂ ಸೇರಿಸಿ ವಿಷಯ ತಿಳಿಸಿ. ಬೆಂಗಳೂರಿನಂಥ ಕಮಿಷನರೇಟ್ ಇರುವ ಊರಲ್ಲಿ ಪೊಲೀಸ್ ಕಮಿಷನರ್ ಕಚೇರಿ, ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿ ಕಚೇರಿಯ ಶಸ್ತ್ರಾಸ್ತ್ರ ಲೈಸೆನ್ಸ್ ವಿಭಾಗ. ಹೋಗುವಾಗ ಪಿಸ್ತೂಲನ್ನು ಚೀಲದಲ್ಲಿ ಹಾಕಿಕೊಂಡು ಹೋಗಬೇಡಿ. ಗುರುತುಗಳ ಫೋಟೋ, ಬ್ಯಾರೆಲ್ ಅಳತೆ, ಯಾರಿಂದ ಬಂತು ಎಂಬ ವಿವರ ಬರೆದ ಕಾಗದ ತಗೊಂಡು ಹೋಗಿ. ಮೊದಲ ಭೇಟಿಗೆ ಅಷ್ಟು ಸಾಕು.